ಓರಗಿತ್ತಿಯ ಅಕ್ಷರಾಭ್ಯಾಸ

ಹಿರಿಸೊಸೆಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಆದರೆ ಅದು ಇಷ್ಟು ದಿನ ಅಡುಗೆಮನೆಯ ಬಾಗಿಲು ದಾಟಿರಲಿಲ್ಲ. ಕಿರಿಸೊಸೆ ಮಾಡಿದ ಅಡುಗೆಯನ್ನು ಅತ್ತೆ ಮತ್ತೆ ಮತ್ತೆ ಬಡಿಸಿಕೊಂಡರೆ ಇವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡು ಸುಮ್ಮನಾಗುತ್ತಿದ್ದಳು. ಈಗ ಆ ಕಿರಿಯವಳು ಇವಳ ಆಫೀಸಿಗೇ ಬಂದು, ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

ಅದೂ ಅತ್ತೆಯ ಕೃಪೆ. "ಅವಳಿಗೂ ನಿನ್ನ ಕೆಲಸ ಸ್ವಲ್ಪ ಹೇಳ್ಕೊಡು, ಮನೇಲಿ ಕೂತು ಏನ್ ಮಾಡ್ತಾಳೆ" ಅಂದಿದ್ದರು. ಇವಳು ಹೂಂ ಅಂದಳು. ಅನ್ನುವಾಗಲೇ ಒಳಗೆ ಚುರ್ ಎಂದಿತ್ತು.

ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವೆಬ್‌ಸೈಟ್ ಮಾಡಿಕೊಡುವ ಆಫೀಸು ಅದು. ಮೊದಲ ಪಾಠ ಅಕ್ಷರಗಳದ್ದು.

"ಅಕ್ಷರದ ತುದೀಲಿ ಚಿಕ್ಕ ಚಿಕ್ಕ ಗೀಟು ಇದ್ಯಲ್ಲ, ಇದು ಸೆರಿಫ್. ನಮ್ಮ ಮಾವನ ಥರ, ಮನೆಯೊಳಗೂ ಬೂಟು ಹಾಕ್ಕೊಂಡೇ ಓಡಾಡೋದು. ಗೀಟಿಲ್ಲದ್ದು ಸಾನ್ಸ್ ಸೆರಿಫ್. ನಿನ್ನ ಗಂಡ. ಬರಿಗಾಲು, ನೇರ ಮಾತು."

"ಈ ಅಲಂಕಾರದ್ದು?"

"ಡಿಸ್‌ಪ್ಲೇ. ತಲೆಬರಹಕ್ಕಷ್ಟೇ ಸರಿ. ನಮ್ಮ ನಾದಿನಿ ಅನ್ಕೋ. ದೂರದಿಂದ ಬಲು ಚೆಂದ, ದಿನಾ ಜೊತೇಲಿರೋಕೆ ಕಷ್ಟ."

ಕಿರಿಯವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಇದು ಮೊನೊಸ್ಪೇಸಾ ಅಕ್ಕ?"

"ಹೌದು. ದಪ್ಪ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಒಂದೇ ಅಗಲದ ಜಾಗ. ಅತ್ತೆ ಹೀಗಿರಬೇಕಿತ್ತು."

ಈ ಮಾತಿಗೆ ಕಿರಿಯವಳು ನಗಲಿಲ್ಲ. ಆದರೆ ಹೇಳಿದ್ದನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ತಿಂಗಳು ತುಂಬುವ ಮೊದಲೇ ಮಾಲೀಕರು, "ನಿಮ್ಮ ತಂಗಿ ಕೈ ಚೆನ್ನಾಗಿದೆ" ಅಂದರು.

"ತಂಗಿ ಅಲ್ಲ ಸರ್, ಓರಗಿತ್ತಿ" ಎಂದು ಇವಳು ತಿದ್ದಿದಳು.

ಆಗಲೇ ಕಣ್ಣಾಸ್ಪತ್ರೆಯ ಕೆಲಸ ಬಂತು. ವರ್ಷಗಟ್ಟಲೆ ಸೋಫಾ ಅಂಗಡಿಗಳ ರಿಯಾಯಿತಿ ಪುಟ ಮಾಡಿ ಮಾಡಿ ಸಾಕಾಗಿದ್ದ ಹಿರಿಯವಳು ಇಂಥದ್ದೊಂದಕ್ಕೆ ಬಾಯಿ ಬಿಟ್ಟುಕೊಂಡು ಕಾದಿದ್ದಳು. ಮಾಲೀಕರು ಮಾತ್ರ, "ಇಬ್ಬರೂ ಒಂದೊಂದು ಮೊದಲ ಪುಟ ಮಾಡಿ. ಯಾರದು ಚೆನ್ನಾಗಿದ್ಯೋ ಪೂರ್ತಿ ಕೆಲಸ ಅವರಿಗೆ" ಅಂದುಬಿಟ್ಟರು. ನಿನ್ನೆ ಮೊನ್ನೆ ಬಂದವಳನ್ನು ತನ್ನ ಸಮಕ್ಕೆ ತೂಗುತ್ತಾರಲ್ಲ ಎಂದು ಇವಳ ಹೊಟ್ಟೆಗೆ ಬೆಂಕಿ ಬಿತ್ತು.

ಮಾಲೀಕರದ್ದೊಂದು ಪರೀಕ್ಷೆಯಿತ್ತು. ಕನ್ನಡಕ ತೆಗೆದು, ಬಾಗಿಲ ಬಳಿ ನಿಂತು ಪುಟ ಓದುವುದು. ಫೋನ್ ನಂಬರು ಕಂಡರೆ ಪಾಸು, ಇಲ್ಲದಿದ್ದರೆ ಇಲ್ಲ. ಇದು ಆಫೀಸಿನ ಹಳಬರಿಗೆ ಮಾತ್ರ ಗೊತ್ತು. ಇವಳು ಓರಗಿತ್ತಿಗೆ ಹೇಳಲಿಲ್ಲ.

"ಅಕ್ಕ, ಕೈಬರಹದ ಥರ ಇರೋ ಈ ಸ್ಕ್ರಿಪ್ಟ್ ಅಕ್ಷರ ಎಲ್ಲಿ ಹಾಕ್ಬೇಕು ಅಂತ ನೀವು ಹೇಳ್ಲೇ ಇಲ್ಲ."

ಒಂದೆರಡು ಪದಕ್ಕೆ, ದೊಡ್ಡದಾಗಿ. ಓದುವ ವಿಷಯಕ್ಕೆ ಯಾವತ್ತೂ ಬೇಡ. ಹೇಳಬೇಕಾದದ್ದು ಇಷ್ಟೇ, ನಾಲಿಗೆಯ ತುದಿಯಲ್ಲೇ ಇತ್ತು.

"ಆಸ್ಪತ್ರೆ ಅಲ್ವಾ," ಅಂದಳು ಹಿರಿಯವಳು. "ಹತ್ತಿರದವರು ಯಾರೋ ಕಾಗದ ಬರೆದ ಹಾಗಿರಬೇಕು. ಪುಟ ಪೂರ್ತಿ ಅದನ್ನೇ ಹಾಕು."

ಕಿರಿಯವಳು ಹಾಗೇ ಮಾಡಿದಳು. ಫೋನ್ ನಂಬರನ್ನೂ ಅದೇ ಅಕ್ಷರದಲ್ಲಿ ಹಾಕಿದಳು.

ಪರೀಕ್ಷೆಯ ದಿನ ಹಿರಿಯವಳ ಪುಟವನ್ನು ಮಾಲೀಕರು ಪಟಪಟನೆ ಓದಿ ಮುಗಿಸಿದರು. ಇನ್ನೊಂದು ಪುಟ ಬಂದಾಗ ಕಣ್ಣು ಕಿರಿದು ಮಾಡಿದರು, ಕತ್ತು ಮುಂದೆ ಚಾಚಿದರು. "ಇದೇನಮ್ಮ, ಎರೆಹುಳ ಹರಿದಾಡಿದ ಹಾಗಿದೆ. ಕಣ್ಣು ಮಂಜಾದವರು ಇದನ್ನ ಓದ್ತಾರಾ? ಯಾರು ಹೇಳಿದ್ದು ಹೀಗೆ ಮಾಡು ಅಂತ?"

ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಗಳಿಗೆ ಪಕ್ಕಕ್ಕೆ ತಿರುಗಿದಳು. ಓರಗಿತ್ತಿ ತನ್ನನ್ನೇ ನೋಡುತ್ತಿದ್ದಳು. ಎಲ್ಲ ಅರ್ಥವಾದವಳ ನೋಟ ಅದು.

"ಯಾರೂ ಹೇಳ್ಲಿಲ್ಲ ಸರ್. ಅಕ್ಕ ಬೇಡ ಅಂದ್ರು, ನಾನೇ ಕೇಳ್ಲಿಲ್ಲ."

ಮಾಲೀಕರು ಕನ್ನಡಕ ಹಾಕಿಕೊಂಡು ಅವಳನ್ನು ಮೆಚ್ಚುಗೆಯಿಂದ ನೋಡಿದರು. "ಹೋಗ್ಲಿ ಬಿಡಿ. ತಪ್ಪು ತನ್ನದು ಅಂತ ಒಪ್ಕೊಳ್ಳೋರು ಎಲ್ಲಿ ಸಿಗ್ತಾರೆ ಈ ಕಾಲದಲ್ಲಿ."

ಕೆಲಸ ಹಿರಿಯವಳದ್ದೇ ಆಗಿತ್ತು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಮೆಚ್ಚುಗೆಯನ್ನು ನೋಡಿ ಇವಳಿಗೆ ತಡೆಯಲಾಗಲಿಲ್ಲ. ಅಡುಗೆಯ ಹೆಸರು ಅವಳಿಗೆ, ಕೈಚಳಕದ ಹೆಸರು ಅವಳಿಗೆ, ಈಗ ಒಳ್ಳೆಯತನದ ಹೆಸರೂ ಅವಳಿಗೇ ಹೋಗಬೇಕೆ?

"ಸುಳ್ಳು ಸರ್. ನಾನೇ ಹೇಳಿದ್ದು. ಬೇಕಂತಲೇ ಹೇಳಿದ್ದು."

ಪಶ್ಚಾತ್ತಾಪವಲ್ಲ ಅದು, ಅಪ್ಪಟ ಹೊಟ್ಟೆಕಿಚ್ಚು. ಮಾಲೀಕರಿಗೆ ಅದೇನು ತಿಳಿಯಬೇಕು? ಅವರು ಎರಡೂ ಪುಟಗಳನ್ನು ಮತ್ತೊಮ್ಮೆ ನೋಡಿದರು. "ಹಾಗಾದ್ರೆ ಆಕೆ ಇನ್ನೊಂದು ಸಲ ಮಾಡ್ಲಿ. ಈ ಸಲ ಸರಿಯಾಗಿ ಹೇಳ್ಕೊಡಿ" ಎಂದು ಒಳಗೆ ಹೋದರು. ಸರಿಯಾಗಿ ಹೇಳಿಕೊಟ್ಟರೆ ಕೆಲಸ ಯಾರ ಪಾಲಾಗುತ್ತದೆಂದು ಹಿರಿಯವಳಿಗೆ ಚೆನ್ನಾಗಿ ಗೊತ್ತಿತ್ತು.

ಕಿರಿಯವಳು ಕುರ್ಚಿ ಎಳೆದುಕೊಂಡಳು. "ಹೇಳಿ ಅಕ್ಕ, ಯಾವುದು ಹಾಕ್ಲಿ?"

"ಸಾನ್ಸ್ ಸೆರಿಫ್. ದೊಡ್ಡದಾಗಿ, ಸಾಲುಗಳ ಮಧ್ಯೆ ಜಾಗ ಬಿಟ್ಟು." ಒಂದಕ್ಷರವೂ ಸುಳ್ಳಿರಲಿಲ್ಲ.

ಕಿರಿಯವಳು ತಲೆಯಾಡಿಸಿದಳು. ಆಮೇಲೆ ಇವಳ ಎದುರಿಗೇ ಫೋನ್ ತೆಗೆದು, ಅದು ನಿಜವೋ ಅಲ್ಲವೋ ಎಂದು ಹುಡುಕಿ ನೋಡಿದಳು.