ಮಿಷನ್ನಿನ ಮಡಿ

ನಮ್ಮ ಮನೆಯಲ್ಲಿ ವಾಷಿಂಗ್ ಮಿಷನ್ನಿಗೂ ಮಡಿ ಇತ್ತು. ಮಾವ ಕ್ಯಾತಣ್ಣನವರ ಪಂಚೆ ಮೊದಲು ಒಂಟಿಯಾಗಿ ತಿರುಗಬೇಕು, ಆಮೇಲೆ ನನ್ನ ಗಂಡನ ಬಟ್ಟೆ, ಕೊನೆಗೆ ಹೆಂಗಸರದು. ಅರೆಬರೆ ತುಂಬಿದ ಮಿಷನ್ ಮೂರು ಸಲ ನೀರು ಕುಡಿದು, ಮೂರು ಸಲ ಸೋಪಿನ ನೀರನ್ನು ಕಕ್ಕಸಿನ ಗುಂಡಿಗೆ ಬಿಡುತ್ತಿತ್ತು. ಅದೂ ನಲ್ಲಿ ನೀರಿಗೆ ವಾರವಿಡೀ ಕಾಯುವ ನಮ್ಮ ತಳಕು ಊರಿನಲ್ಲಿ! ಮೊನ್ನೆ ಗುಂಡಿ ತುಂಬಿ ನೊರೆ ಅಂಗಳಕ್ಕೇ ಬಂತು. ಬಳಿದು ತೊಳೆದವಳು ನಾನು.

ಇವತ್ತು ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ತುಂಬಿ, ಒಂದೇ ಚಮಚ ಪುಡಿ ಹಾಕಿದೆ. ಮಾವ ಓಡಿಬಂದು ತಮ್ಮ ಪಂಚೆಯನ್ನು ಹೊರಗೆಳೆದರು.

"ಹೆಂಗಸರ ಸೀರೆ ಜತೆಗೆ ನನ್ ಪಂಚೆನಾ?"

"ಮೂರು ಸಲದ ನೀರೂ ಒಂದೇ ಗುಂಡಿಗೆ ಹೋಗುತ್ತಲ್ಲ ಮಾವ, ಅಲ್ಲಿ ಮೈಲಿಗೆ ಆಗಲ್ವೇನ್ರಿ?" ಎಂದೆ. "ಬ್ಯಾಡ ಅಂದ್ರೆ ಒಗೆಯೋ ಕಲ್ಲು ಹಿತ್ತಿಲಾಗೈತೆ."

ಮಾವ ಪಂಚೆಯನ್ನು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ಎಸೆದರು. "ಯರ್ರಮ್ಮ, ಕಲ್ ಮೇಲೆ ಒಗ್ದು ಹಾಕು."

ಆ ಕಲ್ಲಿನ ಮೇಲೆಯೇ ಕೈ ಸವೆಸಿಕೊಂಡಿದ್ದ ಅತ್ತೆ ಪಂಚೆಯನ್ನೆತ್ತಿ ಅವರ ಹೆಗಲಿಗೇ ಹಾಕಿ, ಮಿಷನ್ನಿನ ಬಟನ್ ಒತ್ತಿದರು.

"ನನ್ ಸೀರೆ ಮಿಷನ್ನಾಗೈತೆ. ನಿಮ್ದು ನೀವೇ ಒಗ್ಕಳ್ರಿ."