ಕಿವಿಯ ಹಿಂದಿನ ಕುಚ್ಚು

ಕೊಳೆತ ಮೊಟ್ಟೆಯ ವಾಸನೆ, ಹೌದು, ಅದೇ, ನನ್ನ ತವರು ಬೇಗೂರಿನಲ್ಲಿ ಪಕ್ಕದ ಮನೆಯ ಚಿಕ್ಕಮಾದುವಿನ ಕೋಳಿ ನಮ್ಮ ಹುಲ್ಲಿನ ಮೆದೆಯಲ್ಲಿಟ್ಟು ಮರೆತದ್ದು ನನ್ನ ಕಾಲಿಗೆ ಸಿಕ್ಕಿ ಒಡೆದಾಗ ಬಂದದ್ದು, ಆಗ ನನಗೆ ಎಂಟು ವರ್ಷ, ಈಗ ನಲವತ್ತು, ಅದೇ ವಾಸನೆ ಸಾಲಿಗ್ರಾಮದ ಈ ಲಿಂಗವಂತರ ಮನೆಯ ಬಚ್ಚಲಲ್ಲಿ, ಮಗಳು ಸೀಸೆಯ ಬಿರಡೆ ತೆಗೆದು ನಿಂತಿದ್ದಾಳೆ, ಮೂಗು ಮುಚ್ಕೊ ಅವ್ವ, ಸೊಲ್ಪೊತ್ತು ಕಣವ್ವ ಅನ್ನುತ್ತಾಳೆ, ಅವಳ ಅಪ್ಪ ಅಂಗಡಿಯಿಂದ ಊಟಕ್ಕೆ ಬರುವುದರೊಳಗೆ ಮುಗಿಯಬೇಕು — ಶುರುವೇ ಆಗದಿದ್ದರೆ ಸಾಕಪ್ಪ ಅಂತ ನಾನು. ನೀಲಾಂಬಿಕೆ ದಸರಾ ರಜೆಗೆ ಮೈಸೂರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಲಂಗಗಳ ನಡುವೆ ಸುತ್ತಿ ಎರಡು ಸೀಸೆ ತಂದಿದ್ದಾಳೆ, ಅಲ್ಲಿ ದೊರೆಸಾನಿಯ ಹಾಗಿರುವ ಒಬ್ಬಾಕೆ ಹೆಂಗಸರ ಕೂದಲು ಸಿಂಗರಿಸುತ್ತಾಳಂತೆ, ಅವಳು ಕೊಟ್ಟದ್ದು, ಮೊದಲನೆಯದನ್ನು ಹಚ್ಚಿ ಬಾಚಣಿಗೆಯಲ್ಲಿ ಎಳೆದೆಳೆದು ಇಪ್ಪತ್ತು ನಿಮಿಷ ಬಿಟ್ಟು ತೊಳೆದು ಎರಡನೆಯದನ್ನು ಹಾಕಿದರೆ ಎಂಥ ಗುಂಗುರು ಕೂದಲೂ ನೆಟ್ಟಗಾಗುತ್ತದಂತೆ, ಹೆಚ್ಚು ಹೊತ್ತು ಬಿಟ್ಟರೆ ಕೈಗೇ ಕಿತ್ತು ಬರುತ್ತದಂತೆ, ಅದನ್ನೂ ಮಗಳೇ ಹೇಳಿದಳು, ನಗುತ್ತ, ಹದಿನಾರು ವರ್ಷಕ್ಕೆ ಅದು ಹೆದರಿಕೆಯಲ್ಲ. ಅವಳು ಹೆದರುವುದು ಹಾಸ್ಟೆಲಿನ ಹುಡುಗಿಯರಿಗೆ, ನೀಲಾ ಅನ್ನಕಿಲ್ಲ ಕಣವ್ವ, ಪೊದೆ ಅಂತಾರೆ, ಪೊದೆಯೊಳ್ಗೆ ನಮ್ ಪಿನ್ನು ಬಿದ್ದೋಗ್ಯದೆ, ಉಡುಕ್ಕೊಡು ಅಂತಾರೆ — ನಿನ್ನೆ ಊಟಕ್ಕೆ ಕೂತು ಹೇಳುವಾಗ ನಕ್ಕಳು, ಆಮೇಲೆ ಅನ್ನ ಕಲಸುತ್ತಲೇ ಕೂತಳು, ಒಂದು ತುತ್ತೂ ಬಾಯಿಗಿಡಲಿಲ್ಲ.

ನನ್ನ ತಪ್ಪು, ಅವಳ ಅಪ್ಪನದು ಬಾಚಣಿಗೆ ಇಡುವ ಮೊದಲೇ ಜಾರುವ ಕೂದಲು, ಅವಳಿಗೆ ಬಂದದ್ದು ನನ್ನದು, ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ತಲೆಯ ತುಂಬ ಉಂಗುರ ಉಂಗುರ, ಅತ್ತೆ ಸುಂದ್ರಮ್ಮನವರು ತಲೆ ಸವರಿ, ಕಾಡುಸೀಮೆ ಕೂದ್ಲು ನಮ್ಮನೆಗೂ ಬಂದ್ಬುಡ್ತಲ್ಲ ಅಂದರು, ನನ್ನ ತವರಿನ ಕೋಟೆ ಕಡೆಯ ಹೆಣ್ಣು ಅಂದರೆ ಅವರಿಗೆ ಕಾಡಿನವಳೇ. ಮದುವೆಯಾಗಿ ಬಂದ ಹೊಸದರಲ್ಲಿ ಹರಳೆಣ್ಣೆ ಸುರಿದು, ಒದ್ದೆ ಬಟ್ಟೆ ಬಿಗಿದ್ಕೊಂಡು ಮನಿಕೊ, ಬಗ್ತದೆ ಅಂದರು, ವರ್ಷಗಟ್ಟಲೆ ಹಾಗೇ ಮಲಗಿದೆ, ಎಣ್ಣೆ ಕುತ್ತಿಗೆಗಿಳಿದು ದಿಂಬೆಲ್ಲ ಜಿಡ್ಡು, ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಒಂದೊಂದೇ ಎದ್ದು ಮತ್ತೆ ಸುರುಳಿ ಸುತ್ತಿಕೊಳ್ಳುವುದು, ಕೂದಲು ಯಾರ ಮಾತೂ ಕೇಳಲಿಲ್ಲ, ಕೇಳಿದವಳು ನಾನು, ಜನ ಬತ್ತಾವ್ರೆ ಸೆರಗು ವದ್ಕೊ ಮಾದಮ್ಮ, ಹೊದ್ದುಕೊಂಡೆ, ಅವರು ಹೋಗಿ ಆರು ವರ್ಷ, ಸೆರಗು ಇನ್ನೂ ತಲೆಯಿಂದ ಇಳಿದಿಲ್ಲ. ಮಗಳಿಗೆ ಬೇಡ ಅನ್ನಬೇಕು ಅಂತಲೇ ನಿನ್ನೆಯಿಂದ ಮಾತು ಜೋಡಿಸಿಟ್ಟಿದ್ದೆ, ದೇವ್ರು ಕೊಟ್ಟದ್ದು ಮಗಾ, ಚೆನ್ನಾಗದೆ ಕಣೆ — ಚೆನ್ನಾಗಿದೆ, ನನಗೇ ಯಾರೂ ಹೇಳದ ಮಾತನ್ನು ಯಾವ ಬಾಯಲ್ಲಿ ಹೇಳಲಿ, ಬಾಯಿಗೆ ಬಂದದ್ದೇ ಬೇರೆ, ಮೊದ್ಲು ನನ್ ತಲೆಗಾಕಿ ನೋಡು, ಸುಟ್ರೆ ನಂದು ಸುಡ್ಲಿ.

ಒಂದೇ ಕುಚ್ಚು, ಕಿವಿಯ ಹಿಂದೆ, ಬೆರಳ ಗಾತ್ರದ್ದು, ಒಗೆಯುವ ಕಲ್ಲಿನ ಮೇಲೆ ಕೂತಿದ್ದೇನೆ, ಕುತ್ತಿಗೆಗೆ ಅವಳ ಉಸಿರು, ಮೊದಲು ತಣ್ಣಗೆ, ಆಮೇಲೆ ಬಿಸಿ, ಆಮೇಲೆ ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದ ಹಾಗೆ ಚುರುಚುರು, ಉರೀತದಾ ಅವ್ವ, ಇಲ್ಲ ಬುಡು, ನಡುಮನೆಯ ಗಡಿಯಾರ ನೋಡಿ ಬಂದಳು, ನೀರು ಹೊಯ್ದಳು, ಎರಡನೆಯ ಸೀಸೆ, ಮತ್ತೆ ನೀರು, ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳದೆ ಕೆಳಗಿಳಿಯಿತು — ಮುರಿಯಿತೇನೋ ಅಂದುಕೊಂಡೆ, ಮುರಿದಿರಲಿಲ್ಲ. ಐವತ್ತೇಳನೆಯ ಇಸವಿಯ ಕ್ಯಾಲೆಂಡರಿನ ಪಕ್ಕದ ಮೊಳೆಯಿಂದ ಕನ್ನಡಿ ತಂದು ಹಿಡಿದಳು, ಕುಚ್ಚು ಕೆನ್ನೆಯ ಮೇಲೆ ನೆಟ್ಟಗೆ ಇಳಿದಿದೆ, ಉಳಿದ ತಲೆಯೆಲ್ಲ ಗುಂಗುರು. ಅವಳು ಎಷ್ಟೋ ಹೊತ್ತು ನೋಡಿದಳು, ನೀನು ಬ್ಯಾರೆ ಯಾರೋ ಆಗ್ಬುಟ್ಟೆ ಕಣವ್ವ, ಆ ಕಡೆಯಿಂದ ನೋಡಿದ್ರೆ ನಿನ್ ಗುರ್ತೇ ಸಿಗಕಿಲ್ಲ, ನಂಗ್ ಬ್ಯಾಡ, ಪಿನ್ನು ಬಿದ್ರೆ ಬೀಳ್ಲಿ, ವಾಪಸ್ ಕೊಡಕಿಲ್ಲ ಅಂತೀನಿ, ಅಂದಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಎರಡೂ ಇರಬೇಕು, ಸೆರಗಿನಿಂದ ಅವಳ ಮುಖ ಒರೆಸಿದೆ. ಜೋಡಿಸಿಟ್ಟ ಒಂದು ಮಾತೂ ಆಡದೆ ಗೆದ್ದೆ, ಸಂತೋಷ ಆಗಬೇಕು, ಆಯಿತು, ಆದರೂ ಬೆರಳು ಕುಚ್ಚನ್ನು ಬಿಡುತ್ತಿಲ್ಲ, ಕಿವಿಯಿಂದ ಗಲ್ಲದವರೆಗೆ ಜಾರುತ್ತದೆ, ಮತ್ತೆ ಕಿವಿಗೆ ಬರುತ್ತದೆ, ಎಲ್ಲೂ ತೊಡಕಿಲ್ಲ, ಅವಳು ಉಳಿದದ್ದನ್ನು ಬಚ್ಚಲಿಗೆ ಚೆಲ್ಲಲು ಸೀಸೆ ಬಗ್ಗಿಸಿದಳು, ತಡಿ ಅಂದೆ, ತಡಿ ಕಣೆ, ಉಳ್ದದ್ದು ನಂಗಾಕು. ತಮಾಷೆ ಅಂದುಕೊಂಡು ನಕ್ಕಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು, ನಿಂಗಾ, ಈಗ್ಯಾಕವ್ವ, ಯಾರ್ ನೋಡ್ತಾರೆ — ಯಾರೂ ನೋಡುವುದಿಲ್ಲ, ಅತ್ತೆ ಇಲ್ಲ, ಯಜಮಾನರು ಈ ತಲೆಯ ಬಗ್ಗೆ ಹಿಂದೆಯೂ ಒಂದು ಮಾತಾಡಿದವರಲ್ಲ, ಅತ್ತೆಗಾಗಿ ಎಣ್ಣೆ ಹಾಕಿಕೊಂಡೆ ಅಂತ ತಿಳಿದಿದ್ದೆ, ಆ ಒದ್ದೆ ಬಟ್ಟೆ ಬಿಚ್ಚುವಾಗ ಪ್ರತಿ ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತಿತ್ತಲ್ಲ, ಅದು ಹೆದರಿಕೆಯಲ್ಲ, ಆಸೆ, ನನ್ನದೇ, ಮಗಳ ಮುಂದೆ ನಾಚಿಕೆಯಾಗುತ್ತದೆ, ಒಂದು ಸಲ ಮಗಾ, ಒಂದೇ ಸಲ ನೋಡ್ಕೊತೀನಿ. ಅವಳು ನನ್ನ ಸೆರಗು ಸರಿಸಿದಳು, ತುರುಬಿಗೆ ಕೈಹಾಕಿ ಒಂದೊಂದೇ ಪಿನ್ನು ತೆಗೆದಳು, ಕೂದಲು ಬೆನ್ನ ಮೇಲೆ ದಪ್ಪಗೆ ಬಿತ್ತು, ಗಡಿಯಾರ ನೋಡ್ಕೊ ಅಂದೆ, ನೋಡ್ಕಂಡೆ ಅಂದಳು, ಮತ್ತೆ ಆ ವಾಸನೆ, ನೆತ್ತಿಗೆ ತಣ್ಣಗೆ, ಉರಿ ಇನ್ನೂ ಬಂದಿಲ್ಲ, ಕನ್ನಡಿ ನನ್ನ ಕೈಯಲ್ಲೇ ಇದೆ, ಅದರೊಳಗೆ ಆ ಕುಚ್ಚು, ಕಿವಿಯಿಂದ ಗಲ್ಲಕ್ಕೆ, ನೆಟ್ಟಗೆ, ತುದಿಯಲ್ಲಿ ಒಂದು ಹನಿ ನಿಂತಿದೆ, ಬೀಳುತ್ತಿಲ್ಲ, ನೆಟ್ಟಗೆ, ಒಂದು ಹನಿ —