ಒಂದೇ ಬೀಗದಕೈ

"ಒತ್ತೇ ಮುಂಡೆ! ಕೈಗೆ ಲಕ್ವ ಹೊಡೆದಿದೆಯಾ?"

ಹೆಡ್‌ಮಾಸ್ತರ ಕುರ್ಚಿಗೆ ಒರಗಿ ಕೂತಿದ್ದ. ಪೊರಕಮ್ಮ ಅವನ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದಳು. ಅವಳ ನಿಜವಾದ ಹೆಸರು ಆ ಶಾಲೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕಸ ಗುಡಿಸಿ ಕಕ್ಕಸು ತೊಳೆಯುವ ಹೆಂಗಸಿಗೆ ಹೆಡ್‌ಮಾಸ್ತರನ ಕೋಣೆಯಲ್ಲಿ ಕೂರುವ ಅಪ್ಪಣೆಯೂ ಇರಲಿಲ್ಲವಾದ್ದರಿಂದ, ಮೂರು ವರ್ಷದಿಂದ ಅವನು ಮಾಡಬೇಕಾದ ಕೆಲಸವನ್ನೆಲ್ಲ ಅವಳು ನಿಂತೇ ಮಾಡುತ್ತಿದ್ದಳು. ಪರದೆಯ ಮೇಲೆ ಅದೇ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದ ಅವಳ ಮಗಳ ಫೋಟೋ ಇತ್ತು. ಅದರ ಕೆಳಗೆ ಕೆಂಪು ಗುಂಡಿ: 'ತಡೆಹಿಡಿ'.

"ಸಾರ್, ಇದೊಂದು ಸಲ ಬಿಟ್ಬಿಡಿ. ಹುಡುಗು ಬುದ್ಧಿ, ಗೊತ್ತಾಗದೆ ಬರೆದಿದ್ದಾಳೆ."

"ಏನು ಗೊತ್ತಾಗದೆ? 'ಹೆಡ್‌ಮಾಸ್ತರು ನಮ್ಮಮ್ಮನ ಹತ್ರ ಬರಿಗೈಲಿ ಕಕ್ಕಸು ಬಳಿಸ್ತಾರೆ' ಅಂತ ಮೇಲಿನ ಆಫೀಸಿಗೆ ದೂರು ಹಾಕೋಕೆ ಗೊತ್ತಾಗತ್ತಾ? ನಿಮ್ಮಂಥೋರ ಮಕ್ಕಳಿಗೆ ಅಕ್ಷರ ಕಲಿಸಿದ್ದೇ ನಮ್ಮ ತಪ್ಪು. ಒತ್ತು. ಕಾರಣ ಕೇಳತ್ತಲ್ಲ, ಅಲ್ಲಿ 'ನಡತೆ ಸರಿಯಿಲ್ಲ' ಅಂತ ಹಾಕು."

ಹೆತ್ತ ಮಗಳ ಹೆಸರಿನ ಮುಂದೆ ಅವಳು ಒಂದೊಂದೇ ಅಕ್ಷರ ಕುಟ್ಟಿದಳು. ಗುಂಡಿ ಒತ್ತಿದಳು. ಮಗಳ ಫೋಟೋ ಬೂದಿಬಣ್ಣಕ್ಕೆ ತಿರುಗಿತು.

"ಹಾಂ. ಇನ್ನು ಹೋಗಿ ಕಕ್ಕಸು ನೋಡು. ನಾರ್ತಾ ಇದೆ."

ಸರ್ಕಾರ ಶಾಲೆಗಳಿಗೆಲ್ಲ ಒಂದೇ ಬೀಗದಕೈ ಮಾಡಿತ್ತು. ಒಬ್ಬೊಬ್ಬರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್. ಅಷ್ಟು ಹಾಕಿದರೆ ಹಾಜರಿ, ಪಾಠ, ಪುಸ್ತಕ, ಅಂಕ, ಪರೀಕ್ಷೆಯ ಅರ್ಜಿ, ಎಲ್ಲದರ ಬಾಗಿಲೂ ತೆರೆಯುತ್ತದೆ ಎಂದು ದೊಡ್ಡವರು ಭಾಷಣ ಮಾಡಿದ್ದರು. ಮುಚ್ಚಿದರೆ ಎಲ್ಲವೂ ಒಟ್ಟಿಗೇ ಮುಚ್ಚುತ್ತವೆ ಎಂದು ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಮುಚ್ಚುವುದು ಹೆಡ್‌ಮಾಸ್ತರನ ಕೈಯಲ್ಲಿ, ತೆರೆಯುವುದು ದೊಡ್ಡ ಆಫೀಸರಮ್ಮನ ಕೈಯಲ್ಲಿ. ಹತ್ತನೇ ತರಗತಿಯ ಪರೀಕ್ಷೆಗೆ ಅರ್ಜಿ ಹಾಕಲು ಶನಿವಾರ ಕಡೇ ದಿನ.

ಹೆಡ್‌ಮಾಸ್ತರ ತರಬೇತಿಯ ಮೊದಲ ದಿನವೇ ಆಕಳಿಸಿ ಎದ್ದು ಬಂದಿದ್ದ. ಪೊರಕಮ್ಮನಿಗೆ ಕೀಲಿಮಣೆ ಕಲಿಸಿದವಳು ಮಗಳು. ಪ್ರತಿ ತಿಂಗಳು ಪಾಸ್‌ವರ್ಡ್ ಬದಲಿಸುವವಳೂ ಪೊರಕಮ್ಮನೇ. ಬದಲಿಸುವಾಗಲೆಲ್ಲ ಗುಟ್ಟಿನ ಅಂಕಿ ಫೋನಿಗೆ ಬಂದು ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅವನು ತನ್ನ ನಂಬರಿನ ಜಾಗದಲ್ಲಿ ಅವಳ ನಂಬರನ್ನೇ ಹಾಕಿಸಿದ್ದ. ಕಂಪ್ಯೂಟರಿನ ಲೆಕ್ಕದಲ್ಲಿ ಹೆಡ್‌ಮಾಸ್ತರ ಎಂದರೆ ಅವಳು. ಅವಳ ಹೆಸರಲ್ಲಿ ಮಾತ್ರ ಅಲ್ಲಿ ಏನೂ ಇರಲಿಲ್ಲ. ಗುತ್ತಿಗೆಯವರಿಗೆ ಬೀಗದಕೈ ಕೊಡುವ ಕ್ರಮವಿಲ್ಲ.

ಸಂಜೆ ಮಗಳು ಫೋನ್ ಹಿಡಿದು ಬಂದಳು.

"ಅಮ್ಮಾ, ನಾನು ಯಾರೂ ಅಲ್ಲ ಅನ್ನತ್ತೆ ಇದು. ಯಾರೋ ನನ್ನ ಮುಚ್ಚಿಬಿಟ್ಟಿದ್ದಾರೆ."

"ನಾನೇ ಕಣೆ ಮುಚ್ಚಿದ್ದು."

ಮಗಳು ಅವಳನ್ನೇ ನೋಡಿದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಊಟಕ್ಕೂ ಏಳಲಿಲ್ಲ.

ಮರುದಿನ ಅವಳು ಹೆಡ್‌ಮಾಸ್ತರನ ಕಾಲಿಗೆ ಬಿದ್ದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಏಯ್, ಮುಟ್ಟಬೇಡ! ಈಗಷ್ಟೇ ಪಾಲಿಶ್ ಹಾಕಿಸಿದೀನಿ. ಸೋಮವಾರ ಬರೆದು ಕಳಿಸೋಣ, ನಡಿ."

"ಶನಿವಾರಕ್ಕೇ ಮುಗಿದೋಗತ್ತೆ ಸಾರ್."

"ಮುಗೀಲಿ ಬಿಡು. ಪೊರಕೆ ಹೊಟ್ಟೇಲಿ ಹುಟ್ಟಿದ್ದು ಪೊರಕೆ ಹಿಡೀಲಿ."

ಪೊರಕಮ್ಮ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆ ಕ್ಷಣದಿಂದ ಅವಳಿಗೆ ಅಳು ಬರಲಿಲ್ಲ. ಇವನ ಸೊಕ್ಕು ಇಳಿಸದಿದ್ದರೆ ನಾನು ಹೆಣ್ಣೇ ಅಲ್ಲ ಎಂದುಕೊಂಡಳು.

ಶುಕ್ರವಾರ ಪಾಸ್‌ವರ್ಡ್ ಬದಲಿಸುವ ದಿನ. ಬೆಳಿಗ್ಗೆ ಇನ್ನೊಂದು ಶಾಲೆಯ ಮಾಲಿ ಎಂದಿನಂತೆ ಫೋನ್ ಮಾಡಿದ. ಅವನೂ ಅವಳ ಹಾಗೆಯೇ ಒಬ್ಬ ಹೆಡ್‌ಮಾಸ್ತರನ ಕೈ. ಆಫೀಸರಮ್ಮನ ಕೈಕೆಳಗಿನ ಅರವತ್ತು ಶಾಲೆಗಳಲ್ಲೂ ಇದೇ ಕಥೆ. ಎಲ್ಲೋ ಕಾವಲುಗಾರ, ಎಲ್ಲೋ ಅಡುಗೆಯವಳು, ಒಬ್ಬರಿಗೊಬ್ಬರು ಫೋನಿನಲ್ಲೇ ಪರಿಚಯ.

"ಅಕ್ಕಾ, ಈ ತಿಂಗಳು ಏನು ಹಾಕೋಣ?"

ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಬೋಳಿಮಗ," ಎಂದ ಮಾಲಿ. "ನಮ್ಮವನೂ ನಾಲ್ಕು ಮಕ್ಕಳಿಗೆ ಹಿಂಗೇ ಮಾಡಿದಾನೆ. ಏನು ಮಾಡಬೇಕು ಹೇಳಕ್ಕ."

"ಹೊಸದು ಹಾಕಿ. ಸಾಹೇಬರಿಗೆ ಮಾತ್ರ ಹೇಳಬೇಡಿ. ಎಲ್ಲರಿಗೂ ಫೋನ್ ಮಾಡ್ತೀಯಾ?"

"ಈಗಲೇ ಮಾಡ್ತೀನಿ."

ಅಂದು ಪೊರಕಮ್ಮನ ಶಾಲೆಯ ಸಭಾಂಗಣದಲ್ಲೇ ದೊಡ್ಡ ಆಫೀಸರಮ್ಮನ ಸಭೆ. ಅರವತ್ತು ಹೆಡ್‌ಮಾಸ್ತರರು ಲ್ಯಾಪ್‌ಟಾಪ್ ತೆರೆದು ಕುರ್ಚಿಗಳಲ್ಲಿ ಕೂತಿದ್ದರು. ಲ್ಯಾಪ್‌ಟಾಪ್ ಹೊತ್ತು ಜೊತೆಗೆ ಬಂದಿದ್ದ ಅವರವರ ಕೈಗಳು ಹಿಂದಿನ ಗೋಡೆಗೆ ಅಂಟಿ ನಿಂತಿದ್ದವು. ವೇದಿಕೆಯ ಪರದೆಯ ಮೇಲೆ ಅರವತ್ತು ಶಾಲೆಗಳ ಹೆಸರು, ಮೂಲೆಯಲ್ಲಿ ರಾಜಧಾನಿಯಿಂದ ನೋಡುತ್ತಿದ್ದ ಮೇಲಧಿಕಾರಿಯ ಮುಖ.

"ಎಲ್ಲರೂ ಪಾಸ್‌ವರ್ಡ್ ಹಾಕಿ ಒಳಗೆ ಬನ್ನಿ," ಎಂದಳು ಆಫೀಸರಮ್ಮ.

ಅರವತ್ತು ತಲೆಗಳು ಗೋಡೆಯತ್ತ ತಿರುಗಿದವು. ಮಾಲಿ ಫ್ಯಾನ್ ನೋಡುತ್ತಿದ್ದ. ಅಡುಗೆಯವಳು ಉಗುರು ನೋಡುತ್ತಿದ್ದಳು. ಪರದೆಯ ಮೇಲೆ 'ಒಳಬಂದವರು: ಸೊನ್ನೆ' ಎಂದಿತ್ತು.

ಹೆಡ್‌ಮಾಸ್ತರ ದಾಪುಗಾಲು ಹಾಕಿ ಬಂದು ಪೊರಕಮ್ಮನ ಕಿವಿಯ ಹತ್ತಿರ ಹಲ್ಲು ಕಡಿದ.

"ಪಾಸ್‌ವರ್ಡ್ ಹೇಳೇ, ಸೂಳೆ! ನಾಳೆಯಿಂದ ಕೆಲಸ ಇರಲ್ಲ ನಿಂಗೆ."

ಅವಳು ಅವನನ್ನು ದಾಟಿ ನೇರ ವೇದಿಕೆಯ ಬುಡಕ್ಕೆ ಹೋದಳು.

"ಮೇಡಂ, ಇವರಲ್ಲಿ ಒಬ್ಬರಿಗೂ ಅವರವರ ಪಾಸ್‌ವರ್ಡ್ ಗೊತ್ತಿಲ್ಲ. ಗೊತ್ತಿರೋದು ಗೋಡೆ ಹತ್ರ ನಿಂತಿರೋರಿಗೆ. ನನ್ನ ಮಗಳಿಗೆ ಹಾಕಿರೋ ಬೀಗ ತೆಗೀರಿ, ಆಮೇಲೆ ಹೇಳ್ತೀವಿ."

"ಯಾರೇ ನೀನು? ಪೊಲೀಸರನ್ನ ಕರೆಸ್ತೀನಿ!"

"ಕರೆಸಿ. ಪೊಲೀಸರಿಗೂ ಪಾಸ್‌ವರ್ಡ್ ಗೊತ್ತಿಲ್ಲ."

ಆಫೀಸರಮ್ಮ ಸಿಟ್ಟಿನಿಂದ ಎಲ್ಲರಿಗೂ ಹೊಸ ಗುಟ್ಟಿನ ಅಂಕಿ ಕಳಿಸಿದಳು. ಅರವತ್ತು ಫೋನುಗಳು ಕಿಣಿಗುಟ್ಟಿದವು, ಎಲ್ಲವೂ ಹಿಂದಿನ ಗೋಡೆಯಲ್ಲಿ. ಯಾರೂ ಜೇಬಿಗೆ, ಸೊಂಟಕ್ಕೆ ಕೈ ಹಾಕಲಿಲ್ಲ.

"ಏನ್ರೀ ಇದು, ಒಬ್ಬರೂ ಬಂದಿಲ್ಲ?" ಎಂದಿತು ಪರದೆಯ ಮೇಲಿನ ಮುಖ.

ಆಫೀಸರಮ್ಮನ ಮುಖ ಕಪ್ಪಿಟ್ಟಿತು. "ಹುಡುಗಿ ನಂಬರ್ ಹೇಳು."

ಪೊರಕಮ್ಮ ಹನ್ನೆರಡು ಅಂಕಿಗಳನ್ನು ತಡವರಿಸದೆ ಹೇಳಿದಳು. ಆಫೀಸರಮ್ಮ ಗುಂಡಿ ಒತ್ತಿದಳು. ಪೊರಕಮ್ಮ ಮಗಳ ಫೋಟೋದ ಬೂದಿಬಣ್ಣ ಹೋಗುವವರೆಗೂ ಕಾದು, ಕಣ್ಣಾರೆ ನೋಡಿ, ಉಸಿರು ಬಿಟ್ಟಳು.

"ನಮ್ಮ ಶಾಲೇದು ನಾಲ್ಕು ಮಕ್ಕಳು, ಬರ್ಕೊಳ್ಳಿ," ಎಂದ ಹಿಂದಿನಿಂದ ಮಾಲಿ.

"ನಮ್ಮದು ಒಂದು," ಎಂದಳು ಅಡುಗೆಯವಳು.

ಆಫೀಸರಮ್ಮ ಒಂದೊಂದನ್ನೇ ತೆರೆದಳು. ಗೋಡೆಯವರು ಬಂದು ತಮ್ಮ ತಮ್ಮ ಸಾಹೇಬರ ಕಿವಿಯಲ್ಲಿ ಉಸುರಿದರು. ಪರದೆಯ ಮೇಲೆ ಹೆಸರುಗಳು ಹಸಿರಾಗುತ್ತ ಹೋದವು. ಐವತ್ತೊಂಬತ್ತು ಹಸಿರು, ಒಂದು ಕೆಂಪು.

"ನಿಮ್ಮದೇನ್ರೀ?" ಎಂದಳು ಆಫೀಸರಮ್ಮ.

ಹೆಡ್‌ಮಾಸ್ತರ ಪೊರಕಮ್ಮನ ಕಡೆ ಬಾಗಿದ. "ಹೇಳಮ್ಮಾ. ನಿನ್ನ ಕೆಲಸ ಆಯ್ತಲ್ಲ ತಾಯಿ, ಹೇಳು."

"ನಿಮ್ಮ ಪಾಸ್‌ವರ್ಡ್ ನನಗೆ ಹೆಂಗೆ ಗೊತ್ತಾಗಬೇಕು ಸಾರ್? ಕಸ ಗುಡಿಸೋಳು ನಾನು."

ಇಡೀ ಸಭೆ ನೋಡುತ್ತಿತ್ತು. ಅವನು ಲ್ಯಾಪ್‌ಟಾಪಿಗೆ ಬಗ್ಗಿ, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ, ಹೆಂಡತಿಯ ಹೆಸರು ಕುಟ್ಟಿದ. ತಪ್ಪು. ಕಾರಿನ ನಂಬರು. ತಪ್ಪು. ಹುಟ್ಟಿದ ದಿನ, ಮನೆದೇವರು. ತಪ್ಪು, ತಪ್ಪು.

"ಐದು ಸಲ ತಪ್ಪಿದ್ರೆ ನಿಮ್ಮ ಹೆಸರಿಗೇ ಬೀಗ ಬೀಳತ್ತೆ ಸಾರ್," ಎಂದಳು ಪೊರಕಮ್ಮ, ಎಲ್ಲರಿಗೂ ಕೇಳುವ ಹಾಗೆ. "ವಿಚಾರಣೆ ಮುಗಿಯೋವರೆಗೂ ತೆಗೆಯಲ್ಲವಂತೆ. ಇನ್ನೊಂದೇ ಸಲ ಉಳಿದಿರೋದು. ನಿಧಾನಕ್ಕೆ ಯೋಚನೆ ಮಾಡಿ."

ಅವನ ಮೂಗಿನಿಂದ ಬೆವರ ಹನಿ ಕೀಲಿಮಣೆಯ ಮೇಲೆ ಬಿತ್ತು. ಅವನು ಏನೋ ಕುಟ್ಟಿ, ಕಣ್ಣು ಮುಚ್ಚಿಕೊಂಡು, ಒತ್ತಿದ. ಪೊರಕಮ್ಮ ಅವನ ಮುಖದಿಂದ ಕಣ್ಣು ಕೀಳಲಿಲ್ಲ.